ವಿಮೋಚನಾ

ಬೆಂಗಳೂರಿನ ಮಹಿಳಾ ಹಕ್ಕುಗಳ ವೇದಿಕೆ, ಸ್ಥಾಪನೆ 1979. ವರದಕ್ಷಿಣೆ ಸಾವು, ಕೌಟುಂಬಿಕ ಹಿಂಸೆಗಳ ವಿರುದ್ಧ ಬೀದಿಗಿಳಿದು ಹೆಸರಾದ ಸಂಘಟನೆ. ನೊಂದವರ ಮಾತಿಗೆ ಕಿವಿಗೊಡುವುದನ್ನೂ ಇದು ಹೋರಾಟವೆಂದೇ ಎಣಿಸಿತು. ಇದರ ನಿಜವಾದ ಹಿರಿಮೆ ಇಲ್ಲಿದೆ.

ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಸುಟ್ಟ ಹೆಂಗಸರ ಹಾಸಿಗೆಯ ಬಳಿ ಕೂತು ಅವರು ಹೇಳಿದ್ದನ್ನು ದಾಖಲಿಸಿದರು. ‘ಸ್ಟೌ ಸಿಡಿಯಿತು’ ಎಂಬುದು ಅಲ್ಲಿ ಪದೇಪದೇ ಕೇಳಿಬರುತ್ತಿದ್ದ ಮಾತು. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿರುವಾಗ, ಮನೆಯಲ್ಲಿ ಮಕ್ಕಳಿರುವಾಗ, ಬೇರೇನು ಹೇಳಿಯಾಳು? ಮರಣಕಾಲದ ಹೇಳಿಕೆಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಪರಿಗಣಿಸುತ್ತದೆ. ಆದ್ದರಿಂದ ಅದನ್ನು ಯಾರ ಎದುರು, ಹೇಗೆ ಕೇಳಿಸಿಕೊಂಡರು ಎಂಬುದರ ಮೇಲೆ ಇಡೀ ಮೊಕದ್ದಮೆ ನಿಲ್ಲಬಹುದು.

ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದ ಕೊರಿನ್ ಕುಮಾರ್ ರೂಪಿಸಿದ ‘ಮಹಿಳಾ ನ್ಯಾಯಾಲಯ’ಗಳು ಕಿವಿಗೊಡುವ ಇದೇ ಚಿಂತನೆಯ ಕವಲು. ಮೊದಲನೆಯದು ಲಾಹೋರಿನಲ್ಲಿ ನಡೆಯಿತು. ವರದಕ್ಷಿಣೆ ಕುರಿತದ್ದು 2009ರಲ್ಲಿ ಬೆಂಗಳೂರಿನಲ್ಲಿ. ಈ ನ್ಯಾಯಾಲಯಗಳಲ್ಲಿ ಪಾಟೀಸವಾಲು ಇಲ್ಲ. ನೊಂದವಳು ತನ್ನ ಕಥೆ ಹೇಳುತ್ತಾಳೆ, ತೀರ್ಪುಗಾರರ ಮಂಡಳಿ ಕೇಳುತ್ತದೆ. ತೀರ್ಪಿಗೆ ಕಾನೂನಿನ ಬಲವಿಲ್ಲ. ಇದೇನೂ ಸಣ್ಣ ಕೊರತೆಯಲ್ಲ.

1988ರಲ್ಲಿ ಜೆರುಸಲೇಮಿನಲ್ಲಿ ಶುರುವಾದ ‘ಕಪ್ಪುಡುಗೆಯ ಮಹಿಳೆಯರು’ ಮೌನ ಪ್ರತಿಭಟನೆಯನ್ನೂ ವಿಮೋಚನಾ ಬೆಂಗಳೂರಿಗೆ ತಂದಿತು. ಘೋಷಣೆಯಿಲ್ಲ, ಭಾಷಣವಿಲ್ಲ, ಫಲಕ ಹಿಡಿದು ನಿಲ್ಲುವುದಷ್ಟೇ. ಸಂಕಷ್ಟದಲ್ಲಿರುವ ಹೆಂಗಸರಿಗಾಗಿ ಸಂಸ್ಥೆ ತೆರೆದ ಆಪ್ತಸಲಹೆ ಕೇಂದ್ರದ ಹೆಸರು ‘ಅಂಗಳ’.