ಗೊಟಿಂಗೆನ್ನಿನ ಏಳು ಮಂದಿ ಪ್ರಾಧ್ಯಾಪಕರು

ಅಧ್ಯಾಪಕನ ಸ್ವಾತಂತ್ರ್ಯವೆಂದರೆ ತನಗೆ ತೋರಿದುದನ್ನು ಹೇಳುವ ಹಕ್ಕು ಮಾತ್ರವೆಂದು ಭಾವಿಸುವುದುಂಟು. ಆ ಹಕ್ಕು ಅವನ ವೃತ್ತಿಧರ್ಮದೊಡನೆ ಹೆಣೆದುಕೊಂಡಿದೆಯೆಂಬುದನ್ನು ಜರ್ಮನಿಯ ಗೊಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ 1837ರಲ್ಲಿ ನಡೆದ ಪ್ರಸಂಗವು ಸ್ಪಷ್ಟಪಡಿಸುತ್ತದೆ.

ಗೊಟಿಂಗೆನ್ ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿದ್ದಿತು. ಇಂಗ್ಲೆಂಡಿನ ದೊರೆಯೇ ಆ ರಾಜ್ಯಕ್ಕೂ ಅರಸನಾಗಿದ್ದನು. ಆ ವರ್ಷದ ಜೂನ್ ತಿಂಗಳಲ್ಲಿ ನಾಲ್ಕನೆಯ ವಿಲಿಯಂ ತೀರಿಕೊಳ್ಳಲು, ಇಂಗ್ಲೆಂಡಿನ ಸಿಂಹಾಸನ ವಿಕ್ಟೋರಿಯಾಳಿಗೆ ಸಂದಿತು. ವಂಶದಲ್ಲಿ ಗಂಡಸರಿರುವಾಗ ಹೆಂಗಸರಿಗೆ ಪಟ್ಟವಿಲ್ಲದ ಹ್ಯಾನೋವರಿಗೆ ಅವಳ ಚಿಕ್ಕಪ್ಪ ಎರ್ನ್‌ಸ್ಟ್ ಆಗಸ್ಟನು ಅರಸನಾದನು. ನವೆಂಬರ್ 1ರಂದು ಅವನು 1833ರ ರಾಜ್ಯಾಂಗವನ್ನು ರದ್ದುಪಡಿಸಿ, ಅದಕ್ಕೆ ಬದ್ಧರಾಗಿ ನೌಕರರು ಮಾಡಿದ್ದ ಪ್ರಮಾಣದಿಂದ ಅವರನ್ನು ಬಿಡುಗಡೆ ಮಾಡಿರುವುದಾಗಿ ಸಾರಿದನು. ಪ್ರಾಧ್ಯಾಪಕರೂ ರಾಜ್ಯದ ನೌಕರರೇ.

ನವೆಂಬರ್ 18ರ ಪ್ರತಿಭಟನಾ ಪತ್ರಕ್ಕೆ ಏಳು ಮಂದಿ ರುಜು ಹಾಕಿದರು: ಇತಿಹಾಸಜ್ಞರಾದ ಡಾಲ್ಮನ್ ಮತ್ತು ಗೆರ್ವಿನಸ್, ಭಾಷಾಶಾಸ್ತ್ರಜ್ಞರಾದ ಯಾಕೋಬ್ ಮತ್ತು ವಿಲ್ಹೆಲ್ಮ್ ಗ್ರಿಮ್ ಸಹೋದರರು, ನ್ಯಾಯಶಾಸ್ತ್ರಜ್ಞ ಆಲ್ಬ್ರೆಕ್ಟ್, ಪ್ರಾಚ್ಯಭಾಷಾ ಪಂಡಿತ ಎವಾಲ್ಡ್, ಭೌತವಿಜ್ಞಾನಿ ವೆಬರ್. ಅವರ ವಾದ ಸರಳವಾದುದು. ಬೋಧನೆಯ ಫಲವು ಗುರುವಿನ ಪಾಂಡಿತ್ಯವನ್ನು ಎಷ್ಟು ಅವಲಂಬಿಸಿದೆಯೋ ಅವನ ನಿಷ್ಕಳಂಕ ನಡತೆಯನ್ನೂ ಅಷ್ಟೇ ಅವಲಂಬಿಸಿದೆ; ಪ್ರಮಾಣವನ್ನು ಆಟದ ವಸ್ತುವಾಗಿ ಮಾಡಿಕೊಂಡವರನ್ನು ವಿದ್ಯಾರ್ಥಿಗಳು ಹೇಗೆ ನಂಬಿಯಾರು?

ಡಿಸೆಂಬರಿನಲ್ಲಿ ಏಳು ಮಂದಿಯೂ ಕೆಲಸದಿಂದ ವಜಾ ಆದರು. ಪತ್ರವನ್ನು ಹೊರಗೆ ಹರಡಿದರೆಂದು ಡಾಲ್ಮನ್, ಯಾಕೋಬ್ ಗ್ರಿಮ್, ಗೆರ್ವಿನಸ್ ಮೂವರಿಗೆ ಮೂರು ದಿನಗಳೊಳಗೆ ರಾಜ್ಯವನ್ನು ಬಿಡಬೇಕೆಂಬ ಆಜ್ಞೆಯೂ ಆಯಿತು. ಅದೇ ವಿಶ್ವವಿದ್ಯಾನಿಲಯದ ಗಣಿತಜ್ಞ ಗೌಸ್ ಅವರು ರುಜು ಹಾಕಿರಲಿಲ್ಲ. ಎವಾಲ್ಡ್ ಅವರ ಅಳಿಯ. 1833ರಲ್ಲಿ ತಂತಿಯ ಮೂಲಕ ಸಂದೇಶ ಕಳುಹಿಸುವ ಪ್ರಯೋಗದಲ್ಲಿ ವೆಬರ್ ಅವರ ಸಹಕಾರಿ. ಹೀಗೆ ಅವರ ಇಬ್ಬರು ಆಪ್ತರೂ ಒಮ್ಮೆಗೇ ಕೆಲಸ ಕಳೆದುಕೊಂಡರು.

ಲೈಪ್‌ಸಿಗ್ ನಗರದಲ್ಲಿ ಸಂಘವೊಂದು ಏರ್ಪಟ್ಟು, ಚಂದಾ ಎತ್ತಿ ಇವರ ವೇತನದ ನಷ್ಟವನ್ನು ತುಂಬಿಕೊಡಲು ಮುಂದಾಯಿತು. ನೌಕರಿಯಿಲ್ಲದ ಗ್ರಿಮ್ ಸಹೋದರರು 1838ರಲ್ಲಿ ಜರ್ಮನ್ ಮಹಾನಿಘಂಟಿನ ಕಾರ್ಯವನ್ನು ಕೈಗೊಂಡರು. ಅದರ ಮೊದಲ ಸಂಪುಟ 1854ರಲ್ಲಿ ಹೊರಬಂದು, ಕಾರ್ಯವು 1960ರಲ್ಲಿ ಮುಗಿಯಿತು. ವೆಬರ್ ಮತ್ತು ಎವಾಲ್ಡ್ 1848ರ ಕ್ರಾಂತಿಯ ತರುವಾಯ ಗೊಟಿಂಗೆನ್ನಿಗೆ ಮರಳಿದರು. 1866ರಲ್ಲಿ ಪ್ರಷ್ಯವು ಹ್ಯಾನೋವರನ್ನು ನುಂಗಿದಾಗ, ಹೊಸ ಅರಸನಿಗೆ ಪ್ರಮಾಣ ಮಾಡಲೊಲ್ಲದೆ ಎವಾಲ್ಡ್ ಎರಡನೆಯ ಸಲವೂ ಸ್ಥಾನವನ್ನು ಬಿಟ್ಟುಕೊಡಬೇಕಾಯಿತು.

ಈ ಏಳು ಮಂದಿ ತಮಗಾಗಿ ವಿಶೇಷ ಹಕ್ಕೊಂದನ್ನು ಬೇಡಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವಕಾಶ ಬೇಡಿದರು. 1949ರ ಜರ್ಮನ್ ಮೂಲಶಾಸನದ 5ನೆಯ ವಿಧಿಯು ಸಂಶೋಧನೆ ಮತ್ತು ಬೋಧನೆಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟು, ಆ ಸ್ವಾತಂತ್ರ್ಯದಿಂದ ರಾಜ್ಯಾಂಗನಿಷ್ಠೆಯು ತಪ್ಪುವುದಿಲ್ಲವೆಂದೂ ವಿಧಿಸಿದೆ. ಇವೆರಡನ್ನೂ ಒಂದೇ ವಿಧಿಯಲ್ಲಿ ಇಟ್ಟುದರ ಔಚಿತ್ಯವನ್ನು ಅರಿಯಲು ಗೊಟಿಂಗೆನ್ನಿನ ಈ ವೃತ್ತಾಂತಕ್ಕಿಂತ ಉತ್ತಮವಾದ ಭಾಷ್ಯ ಬೇಕಿಲ್ಲ.