ಸಭೆ: ಕೂಡಿದವರ ಹೆಸರು

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ‘ಸಭೆ’ ಎಂಬ ಪದಕ್ಕೆ ಎರಡು ಬಾಳುಗಳಿವೆ. ಪಂಚಾಯಿತಿಯಲ್ಲಿಯೂ ಸಹಕಾರ ಸಂಘದಲ್ಲಿಯೂ ಅದು ಕರೆದು, ನಡೆಸಿ, ನಡಾವಳಿ ಬರೆದು ಮುಗಿಸುವ ಒಂದು ಕಾರ್ಯಕಲಾಪ. ಕ್ರೈಸ್ತ ಮನೆಗಳಲ್ಲಿ, ವಿಶೇಷವಾಗಿ ಪ್ರೊಟೆಸ್ಟೆಂಟ್ ಪಂಗಡಗಳವರ ಮನೆಗಳಲ್ಲಿ, ಅದು ಭಾನುವಾರದ ಆರಾಧನೆ ಮುಗಿದು ಜನರೆಲ್ಲ ಮನೆ ಸೇರಿದ ಮೇಲೂ ಉಳಿದಿರುವ ಒಂದು ಬಳಗ. ‘ಸಭೆಗೆ ಹೋಗಿದ್ದರು’ ಎನ್ನುವಾಗ ಅದು ಸ್ಥಳವನ್ನೂ, ‘ನಮ್ಮ ಸಭೆಯವರು’ ಎನ್ನುವಾಗ ನಂಟನ್ನೂ, ‘ಸಭೆ ಬೆಳೆಯಿತು’ ಎನ್ನುವಾಗ ಜನಸಂಖ್ಯೆಯನ್ನೂ ಸೂಚಿಸುತ್ತದೆ.

ಈ ಎರಡನೆಯ ಬಾಳಿಗೆ ಕಾರಣ ಬೈಬಲ್ ಅನುವಾದ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ವಿಲಿಯಂ ರೀವ್ ಮೊದಲಾದವರ ಜೊತೆಯಲ್ಲಿ ದುಡಿದುದರ ಫಲವಾಗಿ 1831ರ ಹೊತ್ತಿಗೆ ಪೂರ್ಣ ಬೈಬಲ್ ಕನ್ನಡದಲ್ಲಿ ದೊರಕಿತು. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿಗುವ ಸೀಮೆಯಲ್ಲಿ ನಡೆದ ಕೆಲಸವಿದು. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿ ಗ್ರೀಕಿನ ‘ಎಕ್ಲೇಸಿಯಾ’ ಎಂಬ ಪದಕ್ಕೆ ‘ಸಭೆ’ ಎಂದಿದೆ. ಎಕ್ಲೇಸಿಯಾ ಎಂದರೆ ಗ್ರೀಕ್ ನಗರಗಳಲ್ಲಿ ಸಾರ್ವಜನಿಕ ವಿಷಯಗಳನ್ನು ತೀರ್ಮಾನಿಸಲು ಕೂಡುತ್ತಿದ್ದ ಪೌರರ ಸಮಾವೇಶ. ಗುಲಾಮರಿಗಾಗಲಿ ಹೆಂಗಸರಿಗಾಗಲಿ ಅಲ್ಲಿ ಎಡೆ ಇರಲಿಲ್ಲ, ಆದರೆ ಮೊದಲ ಶತಮಾನದ ಕ್ರೈಸ್ತರು ಅದೇ ಹೆಸರನ್ನು ತಾವು ಕೂಡುವ ಕೂಟಕ್ಕೆ ಇಟ್ಟುಕೊಂಡು ಆ ಇಬ್ಬರನ್ನೂ ಒಳಗೆ ಕರೆದರು. ಕನ್ನಡದಲ್ಲಿ ಈ ಒಂದು ಪದದಿಂದ ಒಂದು ಕುಟುಂಬವೇ ಹುಟ್ಟಿತು: ಜನರನ್ನು ನೋಡಿಕೊಳ್ಳುವ ಪಾಸ್ಟರು ‘ಸಭಾಪಾಲಕ’ರಾದರು, ಅವರಿಗೆ ನೆರವಾಗುವ ಮುಖಂಡರು ‘ಸಭೆಯ ಹಿರಿಯ’ರಾದರು, ಯೆಹೂದ್ಯರ ಪ್ರಾರ್ಥನಾಲಯ ‘ಸಭಾಮಂದಿರ’ವಾಯಿತು, 1947ರ ಸೆಪ್ಟೆಂಬರಿನಲ್ಲಿ ಹಲವು ಪಂಗಡಗಳು ಒಂದುಗೂಡಿದಾಗ ಉಂಟಾದ ಸಂಸ್ಥೆ ‘ದಕ್ಷಿಣ ಭಾರತ ಸಭೆ’ ಎನಿಸಿತು.

ಆದರೆ ಅನುವಾದಕರ ಕೈಗೆ ಬಂದಾಗಲೇ ಈ ಪದಕ್ಕೆ ಬಹಳ ವಯಸ್ಸಾಗಿತ್ತು, ಅದರ ಮೈಮೇಲೆ ಒಂದು ಕಲೆಯೂ ಇತ್ತು. ಋಗ್ವೇದದ ಕಾಲದಿಂದಲೂ ಸಭೆ ಎಂದರೆ ಅರ್ಹರು ಮಾತ್ರ ಕೂಡುವ ಸ್ಥಳ. ಅಂಥ ಸಭೆಯಲ್ಲಿ ಕೂರಲು ತಕ್ಕವನು ‘ಸಭ್ಯ’, ತಕ್ಕವನಲ್ಲದವನು ‘ಅಸಭ್ಯ’. ಇಂದು ನಡತೆಯನ್ನು ಅಳೆಯಲು ಬಳಸುವ ಈ ಎರಡು ಪದಗಳು ಮೂಲದಲ್ಲಿ ಯಾರಿಗೆ ಪ್ರವೇಶವಿದೆ, ಯಾರಿಗಿಲ್ಲ ಎಂಬುದನ್ನು ಹೇಳುತ್ತಿದ್ದವು ಎಂಬುದು ಮರೆಯಬಾರದ ಸಂಗತಿ. ಮಹಾಭಾರತದ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿದ ಯಾರಿಗೂ ಗೊತ್ತಿರುವಂತೆ, ಸಭೆಗೆ ಎಳೆದು ತಂದ ಹೆಣ್ಣಿನ ಪ್ರಶ್ನೆಗೆ ಆ ಸಭೆಯ ಹಿರಿಯರಲ್ಲಿ ಉತ್ತರವಿರಲಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನಲ್ಲಿ, ಎಂದರೆ ಎರಡು ನದಿಗಳ ನಡುವಿನ ನೆಲದಲ್ಲಿ, ಊರಿನ ಕಟ್ಟೆಯ ಮೇಲೆ ನ್ಯಾಯ ನಡೆಯುವಾಗ ದಲಿತ ಕೇರಿಗಳವರು ದೂರ ನಿಂತು ಕೇಳಬೇಕಾಗಿತ್ತೇ ಹೊರತು ಕೂರುವಂತಿರಲಿಲ್ಲ. ಹೈದರಾಬಾದ್ ಸಂಸ್ಥಾನದ ಕನ್ನಡ ಮತ್ತು ತೆಲುಗು ಜಿಲ್ಲೆಗಳಲ್ಲಿ ಮೆಥಡಿಸ್ಟ್ ಮೊದಲಾದ ಮಿಷನ್ನುಗಳಿಗೆ ಓಗೊಟ್ಟವರಲ್ಲಿ ಹೆಚ್ಚಿನವರು ಈ ಕೇರಿಗಳಿಂದಲೇ ಬಂದವರು. ಕೂರಲು ಜಾಗವಿಲ್ಲದವರು ತಾವೇ ಒಂದು ‘ಸಭೆ’ ಎನಿಸಿಕೊಂಡದ್ದು, ಅವರೊಳಗಿನ ಒಬ್ಬರು ಎದ್ದುನಿಂತು ಓದಿದ್ದನ್ನು ಉಳಿದವರು ಕುಳಿತು ಕೇಳಿದ್ದು, ಮಿಷನ್ನುಗಳ ವರದಿಗಳು ಲೆಕ್ಕವಿಟ್ಟ ಶಾಲೆ ಆಸ್ಪತ್ರೆಗಳಿಗಿಂತ ಆಳವಾದ ಬದಲಾವಣೆ ಎಂದೇ ಹೇಳಬೇಕು. ಈ ಅರ್ಥ ಬಂದದ್ದು ವಿದೇಶದಿಂದ ಬಂದ ಅನುವಾದಕರಿಂದ ಮಾತ್ರವಲ್ಲ. ಆ ಪದವನ್ನು ತಮ್ಮ ಮೇಲೆ ಧರಿಸಿಕೊಂಡ ಜನರೇ ಅದನ್ನು ತುಂಬಿದರು.

ಇತರ ಭಾಷೆಗಳಲ್ಲಿ ಹೆಚ್ಚಿನವು ಇದೇ ಎಡೆಯಲ್ಲಿ ಬೇರೆ ಪದಗಳನ್ನು ಆರಿಸಿಕೊಂಡಿವೆ. ತಮಿಳು ಕನ್ನಡದಂತೆಯೇ ‘ಸಬೈ’ ಎನ್ನುತ್ತದೆ, ಉರ್ದು ಗ್ರೀಕ್ ಪದವನ್ನೇ ಮಾರ್ಪಡಿಸಿ ‘ಕಲೀಸಿಯಾ’ ಎನ್ನುತ್ತದೆ, ಮರಾಠಿಗೂ ಬಂಗಾಳಿಗೂ ಅದು ‘ಮಂಡಳಿ’, ತೆಲುಗಿಗೆ ‘ಸಂಘಮು’. ತುಂಗಭದ್ರಾ ಎಡದಂಡೆ ಕಾಲುವೆ ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಸಿಂಧನೂರಿನ ಸುತ್ತ ಕಟ್ಟಿದ ‘ಕ್ಯಾಂಪು’ಗಳಲ್ಲಿ, ಎಂದರೆ ವಲಸೆಗಾರರ ಹೊಸ ಊರುಗಳಲ್ಲಿ, ತೆಲುಗು ಇಂದಿಗೂ ಮನೆಮಾತು, ಅಲ್ಲಿಯ ಕ್ರೈಸ್ತರ ಬಾಯಲ್ಲಿ ‘ಸಂಘಂ’ ಎಂದರೆ ಆರಾಧಿಸುವ ಬಳಗ, ಪಕ್ಕದ ಕನ್ನಡ ಹಳ್ಳಿಯ ಹೆಂಗಸಿಗೆ ‘ಸಂಘ’ ಎಂದರೆ ವಾರದ ಕಂತು ಕಟ್ಟುವ ಸ್ವಸಹಾಯ ಗುಂಪು. ಭಾಷೆಯ ಗಡಿ ದಾಟಿ ಸೇವೆಗೆ ಹೊರಟವರು ಮೊದಲು ಕಲಿಯಬೇಕಾದದ್ದು ಇಂಥ ಸಣ್ಣ ವ್ಯತ್ಯಾಸಗಳನ್ನು.

ಸಂಘ ಎಂಬ ಪದವಂತೂ ಈ ನೆಲಕ್ಕೆ ಹೊಸದೇ ಅಲ್ಲ. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಗುರುತಿಸಿದ ಪ್ರಾಕೃತ ಶಾಸನವು ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರನ್ನೂ ಹೇಳಿದ್ದಕ್ಕಾಗಿ ಪ್ರಸಿದ್ಧವಾಗಿದೆ. ತಾನು ಬೌದ್ಧ ಸಂಘವನ್ನು ಸಮೀಪಿಸಿದ ಸಂಗತಿಯನ್ನು ಆ ಅರಸ ಅದೇ ಶಾಸನದಲ್ಲಿ ತಿಳಿಸುತ್ತಾನೆ ಎಂಬುದನ್ನು ಗಮನಿಸುವವರು ಕಡಿಮೆ. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಿಗೆ, ಮಹಾದೇವನೆಂಬ ಭಿಕ್ಷುವನ್ನು ಮಹಿಷಮಂಡಲಕ್ಕೆ ಧರ್ಮಪ್ರಸಾರಕ್ಕಾಗಿ ಕಳುಹಿಸಲಾಯಿತು ಎಂದು ಸಿಂಹಳದ ಮಹಾವಂಸ ಹೇಳುತ್ತದೆ. ಹೊರಗಿನಿಂದ ಬಂದ ಬೋಧನೆಯೊಂದು ಈ ನಾಡಿನಲ್ಲಿ ಬಳಗ ಕಟ್ಟಿಕೊಂಡ ಕಥೆ ಕ್ರೈಸ್ತರಿಂದ ಆರಂಭವಾದುದಲ್ಲ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕಥೆ ಇನ್ನೊಂದು ಬಗೆಯದು. ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳ ಬೋಧನೆಯಿಂದ ಅಲ್ಲಿ ಕಥೋಲಿಕ ಸಮುದಾಯ ಹುಟ್ಟಿತೆಂದೂ, ಅಲ್ಲಿಯ ಮೊದಲ ಚರ್ಚು 1557ಕ್ಕೆ ಮೊದಲೇ ಕಟ್ಟಿದ್ದೆಂದೂ ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಕನ್ನಡ ಬೈಬಲ್ಲಿಗೂ ಮೊದಲೇ, ಬಿಜಾಪುರದ ಸುಲ್ತಾನರ ಆಳ್ವಿಕೆಯಲ್ಲಿಯೇ, ಬೇರೂರಿದ ಸಮುದಾಯವದು; ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿದ್ದ ಪೂಜೆಯು 1962ರಿಂದ 1965ರವರೆಗಿನ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯವೇ ಜನರ ಭಾಷೆಗಳಿಗೆ ತಿರುಗಿತು. ಕನ್ನಡ ಕಥೋಲಿಕರು ‘ಧರ್ಮಸಭೆ’ ಎಂಬ ಸಮಾಸವನ್ನು ಬಳಸುತ್ತಾರೆ, ಅದರಿಂದ ಜಗತ್ತಿನಾದ್ಯಂತ ಹರಡಿದ ಒಂದೇ ಸಂಸ್ಥೆಯನ್ನು ಸೂಚಿಸುತ್ತಾರೆ. ಪ್ರೊಟೆಸ್ಟೆಂಟರಿಗಾದರೋ ಹತ್ತು ಮನೆಗಳ ಒಂದು ಕೇರಿಯೂ ತನ್ನಷ್ಟಕ್ಕೆ ತಾನೇ ಪೂರ್ಣವಾದ ಸಭೆ.

ಇಂಗ್ಲಿಷಿನ ಮಿಷನ್ ಸಾಹಿತ್ಯವು ಹೊಸ ಸಭೆಯನ್ನು ಗಿಡದಂತೆ ‘ನೆಡುವ’ ಮಾತನಾಡುತ್ತದೆ. ತಾನು ನೆಟ್ಟೆ, ಅಪೊಲ್ಲೋಸನು ನೀರೆರೆದ ಎಂಬ ಅರ್ಥದ, ಬೈಬಲ್ಲಿನಲ್ಲಿ ಬರುವ ಪೌಲನ ಮಾತು ಅದರ ಮೂಲ. ಕನ್ನಡದವರು ಸಭೆಯನ್ನು ಸಾಮಾನ್ಯವಾಗಿ ‘ಕಟ್ಟುತ್ತಾರೆ’, ಬರವಣಿಗೆಯಲ್ಲಿ ‘ಸ್ಥಾಪಿಸುತ್ತಾರೆ’. ಭತ್ತದ ನಾಟಿಯಿಂದಲೇ ಬದುಕುವ ಸಿಂಧನೂರಿನಲ್ಲಿಯೂ ‘ಸಭೆ ನೆಟ್ಟರು’ ಎಂಬ ಪ್ರಯೋಗ ಬೇರೂರಲಿಲ್ಲ ಎಂಬುದಕ್ಕೆ ತಕ್ಕ ಕಾರಣವಿದೆ: ನೆಡುವವನಿಗೆ ಮಡಿ ಖಾಲಿಯಿರಬೇಕು, ಕಟ್ಟುವವನು ಅಲ್ಲಿಯೇ ಇರುವ ಕಲ್ಲು ಮಣ್ಣನ್ನು, ಎಂದರೆ ಅಲ್ಲಿಯ ಮಾತು, ಹಾಡು, ನೆಂಟಸ್ತಿಕೆಗಳನ್ನು ಬಳಸಲೇಬೇಕು. ಹಳ್ಳಿಗಳನ್ನು ನಕ್ಷೆಯ ಮೇಲಿನ ಚುಕ್ಕೆಗಳಂತೆ ಎಣಿಸುವ ಸೇವೆಗೆ ಕನ್ನಡದ ಈ ಕ್ರಿಯಾಪದ ಒಳ್ಳೆಯ ಪಾಠ ಹೇಳಬಲ್ಲುದು.

ಸಭೆಗೆ ಮೊದಲು ಬರುವುದು ‘ಕೂಟ’. ಒಂದು ಮನೆಯಲ್ಲಿ ಕಾಯಿಲೆಗಾಗಿಯೋ ಸಾಲದ ಚಿಂತೆಗಾಗಿಯೋ ನಾಲ್ಕು ಜನ ಸೇರಿ ಪ್ರಾರ್ಥಿಸಿದರೆ ಅದು ‘ಪ್ರಾರ್ಥನಾ ಕೂಟ’. ಅದು ವಾರವಾರವೂ ನಡೆದು, ದೀಕ್ಷಾಸ್ನಾನ ಪಡೆದವರ ಹೆಸರು ಪುಸ್ತಕಕ್ಕೇರಿದಾಗ ಸಭೆ. ಈ ಎರಡರ ನಡುವಣ ಹೆಜ್ಜೆ ಇಲ್ಲಿಯ ಬಡವರಿಗೆ ಹಗುರವಾದುದಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶವು ಹಿಂದೂಗಳಿಗೆ ಮಾತ್ರ ನೀಡಿದ್ದ ಮಾನ್ಯತೆಯನ್ನು 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಲಾಯಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಅಶೋಕನ ಸಂಘಕ್ಕೆ ಸೇರಿದವನು ಉಳಿಸಿಕೊಳ್ಳುವ ಜಾತಿ ಪ್ರಮಾಣಪತ್ರವನ್ನು ಸಭೆಗೆ ಸೇರಿದವನು ಕಳೆದುಕೊಳ್ಳುತ್ತಾನೆ, ಕೇರಿಯಲ್ಲಿ ಅನುಭವಿಸಿದ ಅವಮಾನ ಇಬ್ಬರಿಗೂ ಒಂದೇ ಆಗಿದ್ದರೂ. ಆದ್ದರಿಂದ ವರ್ಷಗಟ್ಟಲೆ ಕೂಟಕ್ಕೆ ಬಂದು, ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಪುಸ್ತಕದಲ್ಲಿ ಹೆಸರು ಬರೆಸದೆ ಉಳಿಯುವವರಿರುತ್ತಾರೆ. ಅವರನ್ನು ಹೊರಗಿನವರೆಂದು ಎಣಿಸದೆ ಕಾಯುವ ಸಭಾಪಾಲಕರು ಆ ಪದದ ಹೊಣೆಯನ್ನು ಸರಿಯಾಗಿ ಅರಿತವರು.