ಕಲ್ಲಿನ ತೇರೂ ಕಾಳಗದ ರಥವೂ
ಹಂಪೆಯ ವಿಠಲ ದೇವಾಲಯದ ಮುಂದಣ ಕಲ್ಲಿನ ತೇರು ವಸ್ತುತಃ ರಥದ ಪ್ರತಿಕೃತಿಯಾಗಿ ಕಡೆದ ಗರುಡನ ಗುಡಿ. ಈಗಿರುವ ಆನೆಗಳು ಮೂಲದವಲ್ಲ. ಅವುಗಳ ಹಿಂದೆ ಕುದುರೆಗಳ ಹಿಂಗಾಲು, ಬಾಲಗಳ ಕುರುಹು ಉಳಿದಿದೆ. 1856ರ ಛಾಯಾಚಿತ್ರದಲ್ಲಿ ಮೇಲೆ ಇಟ್ಟಿಗೆಯ ಶಿಖರವೂ ತೋರುತ್ತದೆ. ಆದುದರಿಂದ ಇದು ಉತ್ಸವರಥದ ಮಾದರಿಯೇ ಹೊರತು ಯುದ್ಧರಥದ್ದಲ್ಲ.

ಇದನ್ನು ಕಂಡು ವಿಜಯನಗರದ ಸೇನೆಯಲ್ಲಿ ರಥಬಲವಿದ್ದಿತೆಂದು ಊಹಿಸುವುದು ಸಾಧುವಲ್ಲ. 1520ರ ರಾಯಚೂರು ಯುದ್ಧವನ್ನು ವರ್ಣಿಸಿದ ಪೋರ್ತುಗೀಸ ನೂನಿಜನು ಕೃಷ್ಣದೇವರಾಯನ ಪದಾತಿ, ಅಶ್ವ, ಗಜಬಲಗಳನ್ನು ಎಣಿಸುತ್ತಾನೆ, ರಥಗಳನ್ನು ಎಣಿಸುವುದಿಲ್ಲ. ಧಾರವಾಡ ಪ್ರಾಂತದ ವೀರಗಲ್ಲುಗಳಲ್ಲಿಯೂ ಕಾಲಾಳು, ಕುದುರೆಯಾಳುಗಳೇ ಸಾಮಾನ್ಯ. ಗದುಗಿನ ಕುಮಾರವ್ಯಾಸನ ರಥಗಳಾದರೋ ಭಾರತಕಥೆಯಿಂದ ಬಂದವು. ಹೀಗಿರಲು, ಹುಬ್ಬಳ್ಳಿ-ಧಾರವಾಡದ ತರಗತಿಗಳಲ್ಲಿ ‘ಚತುರಂಗಬಲ’ವೆಂಬ ಮಾತು ಬಂದಾಗ ಕವಿಸಮಯವನ್ನೂ ಚರಿತ್ರೆಯನ್ನೂ ಬೇರ್ಪಡಿಸಿ ಬೋಧಿಸುವುದು ಯುಕ್ತ.